‘ನೈಸ್’ ಶಬ್ದದ ಅರ್ಥವಿಕಾಸ: ಒಂದು ಪರಿಶೀಲನೆ

ಪೀಠಿಕೆ

ಕಳೆದ ಶೈಕ್ಷಣಿಕ ವರ್ಷದ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, “ಗುರುಗಳೇ, ನೈಸ್ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?” ಎಂದು ಕೇಳಿದನು. ಪ್ರಶ್ನೆ ಬಹು ಸುಲಭವೆಂದು ಭಾವಿಸಿ ಅಲ್ಲಿದ್ದವರೆಲ್ಲರೂ ಒಮ್ಮೆಲೇ ಉತ್ತರಕೊಟ್ಟೆವು. ಒಬ್ಬರು ‘ಒಳ್ಳೆಯ’ ಎಂದರು. ಮತ್ತೊಬ್ಬರು ‘ಸೊಗಸಾದ’ ಎಂದರು. ಗಣಿತದ ಅಧ್ಯಾಪಕರು ‘ನುಣುಪಾದ’ ಎಂದರು. ಚಿತ್ರಕಲೆಯ ಅಧ್ಯಾಪಕರು ‘ನವುರಾದ’ ಎಂದರು. ವಿಜ್ಞಾನದವರು ‘ಸೂಕ್ಷ್ಮವಾದ’ ಎಂಬರ್ಥವೂ ಉಂಟೆಂದು ನೆನಪಿಸಿದರು. ಹುಡುಗನು ಎಲ್ಲವನ್ನೂ ಬರೆದುಕೊಂಡು, “ಇವುಗಳಲ್ಲಿ ಯಾವುದು ಸರಿ?” ಎಂದು ಮತ್ತೆ ಕೇಳಿದನು. ಆಗ ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮೌನ. ಹಳಗನ್ನಡವನ್ನೂ ಸಂಸ್ಕೃತ ವ್ಯಾಕರಣವನ್ನೂ ಗುರುಮುಖೇನ ಕಲಿತ ನನ್ನಂಥವನು ಇಂಗ್ಲಿಷ್ ಶಬ್ದವೊಂದರ ವಿಚಾರವನ್ನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಶಬ್ದಗಳ ಸ್ವಭಾವ ಯಾವ ಭಾಷೆಯಲ್ಲಿಯೂ ಒಂದೇ. ಪರಭಾಷೆಯ ಶಬ್ದದ ಜೀವನಚರಿತ್ರೆಯನ್ನು ನೋಡಿದಾಗ ನಮ್ಮ ಭಾಷೆಯ ಶಬ್ದಗಳ ನಡೆಯೂ ನಿಚ್ಚಳವಾಗುತ್ತದೆ. ಆ ಒಂದು ನೆವದಿಂದ ಈ ಪ್ರಯತ್ನ. ಪ್ರಾಜ್ಞರಾದ ವಾಚಕರು ಮನ್ನಿಸಬೇಕು.

ಮೂಲ

‘ನೈಸ್’ ಇಂಗ್ಲಿಷಿನ ಅತ್ಯಂತ ಬಳಕೆಯ ಗುಣವಚನಗಳಲ್ಲಿ ಒಂದು. ಹವೆ ಹಿತವಾಗಿದ್ದರೂ ನೈಸ್, ಊಟ ರುಚಿಯಾಗಿದ್ದರೂ ನೈಸ್, ಮನುಷ್ಯ ಸಜ್ಜನನಾಗಿದ್ದರೂ ನೈಸ್. ಇಷ್ಟು ಸಂತೋಷದಿಂದ ಬಳಕೆಯಾಗುವ ಈ ಶಬ್ದದ ಹುಟ್ಟನ್ನು ಕೆದಕಿದರೆ ಸಿಗುವ ಅರ್ಥ ‘ಅಜ್ಞಾನಿ’ ಎಂಬುದು.

ಇದರ ಮೂಲ ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’ ಎಂಬ ಶಬ್ದ. ಇದರಲ್ಲಿ ಎರಡು ಅಂಶಗಳಿವೆ. ‘ನೆ’ ಎಂಬುದು ನಿಷೇಧಾರ್ಥಕ. ‘ಸ್ಕೀರೆ’ ಎಂಬುದು ‘ತಿಳಿ’ ಎಂಬರ್ಥದ ಧಾತು. ತಿಳಿಯದವನೇ ನೆಸ್ಕಿಯುಸ್. ನಮ್ಮ ‘ಅಜ್ಞ’ ಶಬ್ದದ ರಚನೆಯೂ ಹೀಗೆಯೇ ಇದೆಯಷ್ಟೆ. ಈ ‘ನೆ’ ಎಂಬುದೂ ಸಂಸ್ಕೃತದ ‘ನ’ ಎಂಬುದೂ ಒಂದೇ ಮೂಲದಿಂದ ಬಂದ ಸೋದರರು. ‘ಸ್ಕೀರೆ’ ಧಾತುವಿನ ಮೂಲಾರ್ಥ ‘ಕತ್ತರಿಸು, ಬೇರ್ಪಡಿಸು’ ಎಂದಿದ್ದಿರಬೇಕೆಂದು ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದೇ ತಿಳಿವು ಎಂಬುದು ಅದರ ಹಿಂದಿನ ಭಾವ. ನಮ್ಮಲ್ಲಿ ‘ವಿವೇಕ’ ಎಂಬ ಶಬ್ದಕ್ಕೆ ಬೇರ್ಪಡಿಸುವಿಕೆ ಎಂದೇ ಅರ್ಥವೆಂಬುದನ್ನು ಇಲ್ಲಿ ನೆನೆಯಬಹುದು. ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಸಂತಾನವೇ ‘ಸೈನ್ಸ್’, ಎಂದರೆ ವಿಜ್ಞಾನ. ಅಂತಃಸಾಕ್ಷಿಯನ್ನು ಹೇಳುವ ‘ಕಾನ್ಷಿಯನ್ಸ್’ ಕೂಡ ಅದೇ ಮನೆಯದು. ವಿಜ್ಞಾನದ ಪಾಠ ನಡೆದಾಗ “ನೈಸ್” ಎನ್ನುವ ವಿದ್ಯಾರ್ಥಿ ತಾನರಿಯದೆಯೇ ಒಂದೇ ತಾಯಿಯ ಇಬ್ಬರು ಮಕ್ಕಳನ್ನು, ಜ್ಞಾನವನ್ನೂ ಅಜ್ಞಾನವನ್ನೂ, ಎದುರುಬದುರಾಗಿ ನಿಲ್ಲಿಸುತ್ತಾನೆ.

ಲ್ಯಾಟಿನ್ನಿನಿಂದ ಪ್ರಾಚೀನ ಫ್ರೆಂಚ್ ಭಾಷೆಗೆ ಬರುವಾಗ ಈ ಶಬ್ದದ ಮೈ ಸವೆಯಿತು. ‘ನೆಸ್ಕಿಯುಸ್’ ಎಂಬುದು ‘ನಿಸ್’ ಎಂಬಂತಾಯಿತು. ಅರ್ಥ ಮಾತ್ರ ‘ದಡ್ಡ, ಬೆಪ್ಪ’ ಎಂದೇ ಉಳಿಯಿತು. ಇಂಗ್ಲೆಂಡನ್ನು ನಾರ್ಮನ್ನರು 1066ರಲ್ಲಿ ಗೆದ್ದ ಮೇಲೆ ಫ್ರೆಂಚ್ ಶಬ್ದಗಳು ಅಲ್ಲಿನ ಆಸ್ಥಾನಕ್ಕೂ ಅಡುಗೆಮನೆಗೂ ಹರಿದುಬಂದವು. ಆ ಪ್ರವಾಹದಲ್ಲಿ ಇದೂ ಬಂದು, 13ನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತು. ಇದೇ ಲ್ಯಾಟಿನ್ ಮೂಲದಿಂದ ಸ್ಪ್ಯಾನಿಷ್ ಭಾಷೆಗೆ ಹೋದ ‘ನೇಸಿಯೋ’ ಎಂಬ ಶಬ್ದಕ್ಕೆ ಇಂದಿಗೂ ಮೂರ್ಖನೆಂದೇ ಅರ್ಥ. ಒಬ್ಬ ಅಣ್ಣ ತೌರೂರಿನ ಅಪಕೀರ್ತಿಯಲ್ಲಿಯೇ ಉಳಿದ. ತಮ್ಮ ಪರದೇಶಕ್ಕೆ ಹೋಗಿ ದೊಡ್ಡವನಾದ.

ಇಲ್ಲಿಯೇ ಒಂದೆರಡು ಭ್ರಮೆಗಳನ್ನು ನಿವಾರಿಸುವುದು ಯುಕ್ತ. ಫ್ರಾನ್ಸ್ ದೇಶದ ಕಡಲತೀರದಲ್ಲಿ ಇದೇ ಅಕ್ಷರಗಳಿಂದ ಬರೆಯುವ ‘ನೀಸ್’ ಎಂಬ ನಗರವೊಂದಿದೆ. ಅದರ ಹೆಸರು ಗ್ರೀಕರ ‘ವಿಜಯ’ವಾಚಕ ಶಬ್ದದಿಂದ ಬಂದದ್ದು. ಬೆಂಗಳೂರಿನ ‘ನೈಸ್ ರಸ್ತೆ’ಯ ಹೆಸರು ಅದನ್ನು ನಿರ್ಮಿಸಿದ ಸಂಸ್ಥೆಯ ಹೆಸರಿನ ಆದ್ಯಕ್ಷರಗಳಿಂದಾದದ್ದು. ಧ್ವನಿಸಾಮ್ಯವೊಂದನ್ನೇ ನಂಬಿ ವ್ಯುತ್ಪತ್ತಿಯನ್ನು ಕಟ್ಟುವವರು ಇಂಥ ಕಡೆ ಎಡವುತ್ತಾರೆ.

ಅರ್ಥದ ಮೆಟ್ಟಿಲುಗಳು

ಮೂರ್ಖನೆಂಬ ಅರ್ಥ ಸಜ್ಜನನೆಂಬ ಅರ್ಥವಾಗಿ ಮಾರ್ಪಟ್ಟದ್ದು ಒಂದು ದಿನದಲ್ಲಲ್ಲ. ಸುಮಾರು 500 ವರ್ಷಗಳ ಪಯಣ ಅದು. ನಡುವಣ ಮೆಟ್ಟಿಲುಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ಮೌಢ್ಯ. 14ನೆಯ ಶತಮಾನದ ಉತ್ತರಾರ್ಧದ ಕವಿ ಚಾಸರ್ ಈ ಶಬ್ದವನ್ನು ಬಳಸಿದಾಗ ಅರ್ಥ ‘ಅವಿವೇಕದ’ ಎಂದೇ. ಆ ಕಾಲದಲ್ಲಿ ಯಾರನ್ನಾದರೂ ನೈಸ್ ಎಂದಿದ್ದರೆ ಅದು ಬೈಗುಳ.

ಎರಡನೆಯ ಮೆಟ್ಟಿಲಿನಲ್ಲಿ ಅವಿವೇಕಿಯ ನಡತೆಗಳೆಲ್ಲ ಈ ಶಬ್ದದ ತೆಕ್ಕೆಗೆ ಬಂದವು. ಅವಿವೇಕಿಯಾದವನು ಕೆಲವೊಮ್ಮೆ ಲಂಗುಲಗಾಮಿಲ್ಲದೆ ವರ್ತಿಸುತ್ತಾನೆ. ಆದ್ದರಿಂದ ‘ಸ್ವೇಚ್ಛಾಚಾರಿ’ ಎಂಬ ಅರ್ಥ ಬಂತು. ಕೆಲವೊಮ್ಮೆ ಉಡುಗೆತೊಡುಗೆಗಳಲ್ಲಿ ಆಡಂಬರ ಮಾಡುತ್ತಾನೆ. ‘ಠೀವಿಯ’ ಎಂಬ ಅರ್ಥ ಬಂತು. ಇನ್ನು ಕೆಲವೊಮ್ಮೆ ಎಲ್ಲದಕ್ಕೂ ಹೆದರಿ ಹಿಂಜರಿಯುತ್ತಾನೆ. ‘ಅಳುಕುಸ್ವಭಾವದ, ಸಂಕೋಚದ’ ಎಂಬ ಅರ್ಥವೂ ಬಂತು. ಒಂದೇ ಶಬ್ದ ನಾಚಿಕೆಯಿಲ್ಲದವನನ್ನೂ ನಾಚುವವನನ್ನೂ ಹೇಳಿದ ಕಾಲವದು. ಮುಂದಿನ ಶತಮಾನಗಳ ಅನೇಕ ಪ್ರಯೋಗಗಳಲ್ಲಿ ಬರೆದವನ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂದು ನಿರ್ಣಯಿಸಲು ಇಂಗ್ಲಿಷ್ ಕೋಶಕಾರರೇ ತಿಣುಕುತ್ತಾರೆ.

ಮೂರನೆಯದೇ ತಿರುವಿನ ಮೆಟ್ಟಿಲು. ಸಂಕೋಚದ ಸ್ವಭಾವದವನು ಎಲ್ಲವನ್ನೂ ಸುಲಭವಾಗಿ ಒಪ್ಪುವುದಿಲ್ಲ. ಮುಟ್ಟಬೇಕಾದರೂ ಯೋಚಿಸುತ್ತಾನೆ, ತಿನ್ನಬೇಕಾದರೂ ಯೋಚಿಸುತ್ತಾನೆ. ಹೀಗೆ ‘ನಾಜೂಕಿನ, ಸುಲಭಕ್ಕೆ ಮೆಚ್ಚದ’ ಎಂಬ ಅರ್ಥ ಹುಟ್ಟಿತು. ಸುಲಭಕ್ಕೆ ಮೆಚ್ಚದವನಿಗೆ ಸಣ್ಣ ಭೇದಗಳೂ ಕಣ್ಣಿಗೆ ಬೀಳುತ್ತವೆ. ಆದ್ದರಿಂದ 16ನೆಯ ಶತಮಾನದ ಹೊತ್ತಿಗೆ ‘ಸೂಕ್ಷ್ಮವಾದ, ಕರಾರುವಾಕ್ಕಾದ’ ಎಂಬ ಅರ್ಥ ರೂಢಿಗೆ ಬಂತು. ಕೂದಲೆಳೆಯಷ್ಟು ಭೇದವನ್ನು ಇಂದಿಗೂ ಇಂಗ್ಲಿಷಿನಲ್ಲಿ ಈ ಗುಣವಚನದಿಂದ ವಿಶೇಷಿಸುವುದುಂಟು. ತಿಳಿಯದವನೆಂದು ಹುಟ್ಟಿದ ಶಬ್ದ ಎಲ್ಲರಿಗಿಂತ ಸೂಕ್ಷ್ಮವಾಗಿ ತಿಳಿದವನೆಂಬ ಅರ್ಥವನ್ನು ಪಡೆದದ್ದು ಶಬ್ದಲೋಕದ ಒಂದು ಕೌತುಕವೇ ಸರಿ.

ಈ ಸೂಕ್ಷ್ಮತೆಯಿಂದಲೇ ಇನ್ನೊಂದು ಕವಲೂ ಒಡೆಯಿತು. ತೀರ ಸಣ್ಣದಾದದ್ದು ಲೆಕ್ಕಕ್ಕೆ ಬಾರದ್ದೂ ಆಗಬಹುದು. ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಸಂನ್ಯಾಸಿಯಾದ ಲಾರೆನ್ಸ್ ಕಳುಹಿಸಿದ ಪತ್ರ ರೋಮಿಯೋವಿನ ಕೈಸೇರುವುದಿಲ್ಲ. ಆ ಪತ್ರ ನೈಸ್ ಆದುದಲ್ಲವೆಂದು ಅವನು ವ್ಯಥೆಪಡುತ್ತಾನೆ. ಪತ್ರ ಚೆನ್ನಾಗಿರಲಿಲ್ಲವೆಂದು ಇಂದಿನ ವಿದ್ಯಾರ್ಥಿ ಅರ್ಥಮಾಡಿದರೆ ಸನ್ನಿವೇಶವೇ ಕೆಡುತ್ತದೆ. ಅದು ಕ್ಷುಲ್ಲಕವಾದ ಪತ್ರವಲ್ಲ, ಪ್ರಾಣಕ್ಕೆ ಸಂಬಂಧಿಸಿದ್ದು ಎಂಬುದು ಅಲ್ಲಿನ ತಾತ್ಪರ್ಯ. ಹಳೆಯ ಕೃತಿಗಳನ್ನು ಪಾಠ ಹೇಳುವವರು, ಇಂಗ್ಲಿಷಿನವರಾಗಲಿ ಕನ್ನಡದವರಾಗಲಿ, ಪರಿಚಿತ ಶಬ್ದದ ಎದುರಿಗೇ ಹೆಚ್ಚು ಎಚ್ಚರದಿಂದ ಇರಬೇಕು. ಅಪರಿಚಿತ ಶಬ್ದ ನಮ್ಮನ್ನು ಕೋಶದ ಕಡೆಗೆ ಕಳುಹಿಸುತ್ತದೆ. ಪರಿಚಿತ ಶಬ್ದ ನಂಬಿಸಿ ಮೋಸಮಾಡುತ್ತದೆ.

ನಾಲ್ಕನೆಯ ಮೆಟ್ಟಿಲು ಹಿತ. ನಾಜೂಕಿನವರು ಮೆಚ್ಚಿದ ಊಟ, ಉಡುಗೆ, ಮನೆ ಇವೆಲ್ಲ ಒಳ್ಳೆಯವೇ ಆಗಿರುತ್ತವೆ. ಮೆಚ್ಚುವವನ ಗುಣ ಮೆಚ್ಚಿದ ವಸ್ತುವಿಗೆ ಸಂಕ್ರಮಿಸಿತು. 18ನೆಯ ಶತಮಾನದಲ್ಲಿ ‘ಹಿತವಾದ, ಸಂತೋಷಕರವಾದ’ ಎಂಬ ಅರ್ಥ ಮಾತಿನಲ್ಲಿಯೂ ಪತ್ರಗಳಲ್ಲಿಯೂ ಹರಡಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಮನುಷ್ಯರನ್ನು ಕುರಿತು ‘ದಯಾಳುವಾದ, ಸ್ನೇಹಶೀಲನಾದ’ ಎಂಬ ಅರ್ಥವೂ ಸೇರಿ ಶಬ್ದದ ಪಯಣ ಇಂದಿನ ನೆಲೆಗೆ ಬಂದು ಮುಟ್ಟಿತು.

ಕೊನೆಗೊಂದು ಕುಹಕದ ಮೆಟ್ಟಿಲೂ ಉಂಟು. ಕೆಲಸ ಕೆಟ್ಟಾಗ “ಬಹಳ ನೈಸ್ ಆಯಿತು” ಎಂದು ಮೂದಲಿಸುವುದು. “ಚೆನ್ನಾಗಿದೆ ನಿನ್ನ ಬುದ್ಧಿ!” ಎಂದು ನಾವು ಹೇಳುವುದಿಲ್ಲವೇ? ನಮ್ಮ ಆಲಂಕಾರಿಕರು ವಿಪರೀತಲಕ್ಷಣೆಯೆಂದು ಕರೆದದ್ದು ಇದನ್ನೇ.

ಮೂಲಾರ್ಥವೇ ಸರಿಯಾದ ಅರ್ಥವೇ?

ಈ ಬದಲಾವಣೆಯನ್ನು ಇಂಗ್ಲಿಷರೆಲ್ಲರೂ ಸಂತೋಷದಿಂದ ಒಪ್ಪಿದರೆಂದಲ್ಲ. ಜೇನ್ ಆಸ್ಟೆನ್ ಎಂಬ ಪ್ರಸಿದ್ಧ ಲೇಖಕಿಯ ‘ನಾರ್ತ್ಯಾಂಗರ್ ಅಬ್ಬೆ’ ಎಂಬ ಕಾದಂಬರಿ ಆಕೆಯ ಮರಣಾನಂತರ 1817ರ ಕೊನೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಹೆನ್ರಿ ಎಂಬ ಪಾತ್ರ, ತರುಣಿಯೊಬ್ಬಳು ಪುಸ್ತಕವೊಂದನ್ನು ನೈಸ್ ಎಂದು ಹೊಗಳಿದಾಗ ಆಕೆಯನ್ನು ಚೇಷ್ಟೆಮಾಡುತ್ತದೆ. ಹಿಂದೆ ಈ ಶಬ್ದ ನಯಗಾರಿಕೆಯನ್ನೂ ಸೂಕ್ಷ್ಮತೆಯನ್ನೂ ಮಾತ್ರ ಹೇಳುತ್ತಿತ್ತು, ಈಗ ಎಲ್ಲ ವಸ್ತುಗಳ ಎಲ್ಲ ಹೊಗಳಿಕೆಗೂ ಇದೊಂದೇ ಸಾಕಾಗಿದೆ ಎಂಬುದು ಆತನ ಆಕ್ಷೇಪಣೆ. 1926ರಲ್ಲಿ ಇಂಗ್ಲಿಷ್ ಪ್ರಯೋಗಕೋಶವನ್ನು ಪ್ರಕಟಿಸಿದ ಫೌಲರ್ ಕೂಡ, ಅತಿಬಳಕೆಯಿಂದ ಈ ಶಬ್ದ ತನ್ನ ವ್ಯಕ್ತಿತ್ವವನ್ನೇ ಕಳೆದುಕೊಂಡಿತೆಂದು ಮರುಗಿದನು.

ಈ ಆಕ್ಷೇಪಣೆಯಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಎಲ್ಲವನ್ನೂ ಹೇಳುವ ಶಬ್ದ ಏನನ್ನೂ ಹೇಳುವುದಿಲ್ಲ. ಪ್ರಬಂಧದ ಪುಟವೊಂದರಲ್ಲಿ ಹತ್ತು ಬಾರಿ ‘ಚೆನ್ನಾಗಿ’ ಎಂದು ಬರೆಯುವ ವಿದ್ಯಾರ್ಥಿಗೆ ನಾನೂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಆದರೆ ಒಂದು ಮಾತನ್ನು ಗಮನಿಸಬೇಕು. ಹೆನ್ರಿ ಮೂಲವೆಂದು ತಿಳಿದು ಎತ್ತಿಹಿಡಿದ ಅರ್ಥವೂ ಮೂಲವಲ್ಲ; ಅದು ನಡುವಣ ಮೆಟ್ಟಿಲು. ನಿಜವಾದ ಮೂಲಕ್ಕೇ ಹೋಗಬೇಕೆಂದು ಹಟಹಿಡಿದರೆ ಸಜ್ಜನರನ್ನೆಲ್ಲ ದಡ್ಡರೆಂದು ಕರೆಯಬೇಕಾದೀತು.

ಈ ವಿಷಯದಲ್ಲಿ ನಮ್ಮ ಶಾಸ್ತ್ರಕಾರರ ನಿರ್ಣಯ ಖಚಿತವಾಗಿದೆ. ಶಬ್ದದ ಅವಯವಗಳಿಂದ ಬರುವ ಅರ್ಥ ಯೋಗಾರ್ಥ. ಲೋಕದ ಬಳಕೆಯಿಂದ ಬರುವುದು ರೂಢಾರ್ಥ. ಎರಡಕ್ಕೂ ವಿರೋಧ ಬಂದಲ್ಲಿ ರೂಢಿಯೇ ಬಲವತ್ತರವೆಂದು ಅವರು ಸಾರಿದ್ದಾರೆ. ‘ಕುಶಲ’ ಎಂದರೆ ಅವಯವಾರ್ಥದಲ್ಲಿ ದರ್ಭೆಯನ್ನು ತರುವವನು. ಕೈಕೊಯ್ಯುವ ಆ ಹುಲ್ಲನ್ನು ಜಾಣತನದಿಂದ ಕೀಳಬೇಕಾದ್ದರಿಂದ ನಿಪುಣನೆಂಬ ಅರ್ಥ ಬಂತು. ‘ಪ್ರವೀಣ’ ಎಂದರೆ ವೀಣೆಯಲ್ಲಿ ಪರಿಣತನಾದವನು. ಇಂದು ವೀಣೆಯನ್ನೇ ಕಾಣದ ಗಣಿತಪ್ರವೀಣರೂ ಉಂಟು. ದರ್ಭೆಯೂ ವೀಣೆಯೂ ಮರೆತುಹೋಗಿವೆ, ನೈಪುಣ್ಯ ಉಳಿದಿದೆ. ಅವಯವಾರ್ಥವನ್ನು ತಿಳಿಯುವುದು ವಿದ್ವತ್ತು. ಅದನ್ನೇ ಹಿಡಿದು ಲೋಕವನ್ನು ತಿದ್ದಹೊರಡುವುದು ವಿದ್ವತ್ತಿನ ಅಜೀರ್ಣ.

ನಮ್ಮ ಭಾಷೆಯ ನಿದರ್ಶನಗಳು

ಕೀಳರ್ಥದಿಂದ ಮೇಲರ್ಥಕ್ಕೆ ಏರುವುದನ್ನು ಅರ್ಥೋತ್ಕರ್ಷವೆಂದೂ ಮೇಲಿನಿಂದ ಕೆಳಗಿಳಿಯುವುದನ್ನು ಅರ್ಥಾಪಕರ್ಷವೆಂದೂ ಹೇಳಬಹುದು. ‘ನೈಸ್’ ಮೊದಲನೆಯದಕ್ಕೆ ಉದಾಹರಣೆ. ಇಂಗ್ಲಿಷಿನಲ್ಲಿಯೇ ‘ಸಿಲ್ಲಿ’ ಎಂಬ ಶಬ್ದ ಇದಕ್ಕೆ ತದ್ವಿರುದ್ಧ. ಇಂದು ಪೆದ್ದುತನವನ್ನು ಹೇಳುವ ಅದು ಪ್ರಾಚೀನ ಕಾಲದಲ್ಲಿ ‘ಧನ್ಯ, ಪುಣ್ಯವಂತ’ ಎಂಬರ್ಥದಲ್ಲಿತ್ತು. ಧನ್ಯನು ನಿರಪರಾಧಿಯಾದನು, ನಿರಪರಾಧಿ ಬಡಪಾಯಿಯಾದನು, ಬಡಪಾಯಿ ಪೆದ್ದನಾದನು. ಅದರ ಜರ್ಮನ್ ಸೋದರ ಶಬ್ದಕ್ಕೆ ಇಂದಿಗೂ ಧನ್ಯನೆಂದೇ ಅರ್ಥವಿದೆ. ಹೀಗೆ ದಡ್ಡನು ಸಜ್ಜನನಾಗಿ ಏರುತ್ತಿದ್ದ ಮೆಟ್ಟಿಲಿನಲ್ಲಿಯೇ ಪುಣ್ಯವಂತನು ಪೆದ್ದನಾಗಿ ಇಳಿದುಬಂದನು.

ನಮ್ಮಲ್ಲಿ ‘ಅಸುರ’ ಎಂಬುದು ಋಗ್ವೇದದಲ್ಲಿ ವರುಣನಂಥ ದೇವತೆಗಳ ಬಿರುದು. ಮುಂದೆ ರಾಕ್ಷಸನ ಹೆಸರು. ‘ಸಾಹಸ’ವೆಂಬುದು ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧ, ದಂಡನೆಗೆ ಅರ್ಹ, ಇಂದು ಸಾಹಸಕ್ಕೆ ನಾವು ಬಹುಮಾನ ಕೊಡುತ್ತೇವೆ. ಉಪಾಧ್ಯಾಯರಾದ ನಾವು ವಿಶೇಷವಾಗಿ ನೆನೆಯಬೇಕಾದ ಶಬ್ದ ‘ಶಿಕ್ಷೆ’. ಶಕ್ತನಾಗಬೇಕೆಂಬ ಇಚ್ಛೆಯನ್ನು ಹೇಳುವ ಧಾತುರೂಪದಿಂದ ಹುಟ್ಟಿದ ಈ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಕೆಯೆಂಬುದು ಮುಖ್ಯಾರ್ಥ; ಹಿಂದಿಯಲ್ಲಿ ಇಂದಿಗೂ ವಿದ್ಯಾಭ್ಯಾಸವೆಂದೇ. ಕನ್ನಡದಲ್ಲಾದರೋ ಅದು ದಂಡನೆಯಾಯಿತು. ‘ಶಿಕ್ಷಕ’, ‘ಶಿಕ್ಷಣ’ ಎಂಬಲ್ಲಿ ಹಳೆಯ ಅರ್ಥ ಉಳಿದಿದೆ, ‘ಶಿಕ್ಷೆ’ಯಲ್ಲಿ ಬೆತ್ತ ಬಂದು ಕುಳಿತಿದೆ. ಈ ಅರ್ಥಾಂತರಕ್ಕೆ ನಮ್ಮ ಪೂರ್ವಿಕರಾದ ಶಿಕ್ಷಕರ ಕೈ ಎಷ್ಟರಮಟ್ಟಿಗೆ ಕಾರಣವೆಂಬುದನ್ನು ವಾಚಕರೇ ಊಹಿಸಬಹುದು.

‘ನೈಸ್’ ಶಬ್ದಕ್ಕೆ ನಮ್ಮಲ್ಲಿ ಅತಿ ಸಮೀಪವಾದ ಜೊತೆಯೆಂದರೆ ‘ಮುಗ್ಧ’. ‘ಮುಹ್’ ಎಂಬ ಧಾತುವಿಗೆ ಬುದ್ಧಿ ಮಂಕಾಗುವುದು ಎಂದರ್ಥ. ಇದರಿಂದ ‘ಮೂಢ’, ‘ಮುಗ್ಧ’ ಎಂಬ ಎರಡು ರೂಪಗಳನ್ನು ಪಾಣಿನಿ ವಿಕಲ್ಪವಾಗಿ ಸಾಧಿಸುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಎರಡೂ ಒಂದೇ. ಲೋಕವಾದರೋ ಇವರಿಗೆ ಬೇರೆಬೇರೆ ಹಣೆಬರಹವನ್ನು ಬರೆಯಿತು. ಮೂಢನು ಮೂಢನಾಗಿಯೇ ಉಳಿದನು. ಮುಗ್ಧನು ಕಪಟವರಿಯದವನಾದನು, ಮುದ್ದಾದವನಾದನು, ಕೊನೆಗೆ ಸುಂದರನೂ ಆದನು. ಕೋಶಗಳಲ್ಲಿ ಮುಗ್ಧ ಶಬ್ದಕ್ಕೆ ಮೂಢನೆಂದೂ ಸುಂದರನೆಂದೂ ಎರಡು ಅರ್ಥಗಳು ಜೊತೆಜೊತೆಯಾಗಿ ನಿಂತಿವೆ. ಕನ್ನಡದಲ್ಲಿ ‘ಮುಗುದ’, ‘ಮುಗುದೆ’ ಎಂಬ ತದ್ಭವಗಳಾದ ಮೇಲಂತೂ ಅದರಲ್ಲಿ ಬೈಗುಳದ ಲೇಶವೂ ಉಳಿಯಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಭೀಮಕವಿ ಕನ್ನಡಿಸಿದ ಬಸವಪುರಾಣದಲ್ಲಿಯೂ ಬರುವ ಮುಗ್ಧ ಸಂಗಯ್ಯನ ಹೆಸರಿನಲ್ಲಿಯೇ ಈ ಶಬ್ದ ಬಿರುದಾಗಿ ಸೇರಿಕೊಂಡಿದೆ. ಶಿವನು ನಿಜವಾಗಿಯೂ ಹಾಲು ಕುಡಿಯಬೇಕೆಂದು ಹಟಹಿಡಿದು ಅತ್ತ ಕೋಳೂರ ಕೊಡಗೂಸಿನ ಕಥೆಯನ್ನು ಕೇಳಿದವರು ಆ ಮಗುವನ್ನು ಮೂಢಳೆಂದು ಕರೆಯಲಾರರು. ಅರಿಯದಿರುವುದು ಒಂದು ಕಡೆ ಕೊರತೆ. ಇನ್ನೊಂದು ಕಡೆ ಅದೇ ಭಕ್ತಿಯ ಸಿರಿ.

ಇಲ್ಲಿ ಒಂದು ಭೇದವನ್ನು ಹೇಳದಿದ್ದರೆ ತಪ್ಪಾದೀತು. ಅಜ್ಞಾನದಿಂದ ಹೊರಟು ಸೊಗಸಿಗೆ ಮುಟ್ಟುವುದು ಎರಡು ಶಬ್ದಗಳಿಗೂ ಸಮಾನವಾದರೂ ದಾರಿ ಒಂದೇ ಅಲ್ಲ. ಮುಗ್ಧವು ನಿಷ್ಕಪಟತೆಯ ಬೀದಿಯಲ್ಲಿ ನಡೆದುಬಂತು. ನೈಸ್ ನಾಜೂಕಿನ ಬೀದಿಯಲ್ಲಿ ಬಂತು. ಒಂದು ಮಗುವಿನ ದಾರಿ, ಇನ್ನೊಂದು ರಸಿಕನ ದಾರಿ.

ಕನ್ನಡಕ್ಕೆ ಬಂದ ‘ನೈಸ್’

ಈ ಶಬ್ದ ಕನ್ನಡಕ್ಕೆ ಬಂದ ಮೇಲೆ ಪಡೆದ ಅರ್ಥಗಳು ಇಂಗ್ಲಿಷ್ ಕೋಶಗಳಲ್ಲಿ ಹುಡುಕಿದರೆ ಸಿಗುವಂಥವಲ್ಲ. “ಹಿಟ್ಟನ್ನು ನೈಸಾಗಿ ಬೀಸಿಕೊಂಡು ಬಾ” ಎಂದು ತಾಯಿ ಗಿರಣಿಗೆ ಕಳುಹಿಸುತ್ತಾಳೆ. ಇಲ್ಲಿ ಅರ್ಥ ನುಣ್ಣಗೆ. ಬಡಗಿಯು ಹಲಗೆಯನ್ನು ಉಜ್ಜಿ ನೈಸ್ ಮಾಡುತ್ತಾನೆ, ಇಲ್ಲಿಯೂ ಅದೇ. ಆದರೆ “ಅವನನ್ನು ನೈಸ್ ಮಾಡಿ ಕೆಲಸ ಸಾಧಿಸಿದ” ಎಂದರೆ ಪುಸಲಾಯಿಸಿದನೆಂದು ಅರ್ಥ. “ನೈಸಾಗಿ ಜಾರಿಕೊಂಡ” ಎಂದರೆ ಸದ್ದಿಲ್ಲದೆ ನುಸುಳಿಕೊಂಡನೆಂದು ಅರ್ಥ.

ಇದಕ್ಕೆ ಕಾರಣವೇನಿರಬಹುದು? ನವುರು, ನಾಜೂಕು ಎಂಬ ಅರ್ಥ ಇಂಗ್ಲಿಷಿನಲ್ಲಿಯೇ ಇತ್ತೆಂಬುದು ಒಂದು ಕಾರಣ. ಇನ್ನೊಂದು, ಕನ್ನಡದಲ್ಲಿ ಮೊದಲೇ ಇದ್ದ ‘ನಯ’ ಎಂಬ ಶಬ್ದವೆಂದು ನನ್ನ ಊಹೆ. ಸಂಸ್ಕೃತದಲ್ಲಿ ಅದು ‘ಒಯ್ಯು, ನಡೆಸು’ ಎಂಬ ಧಾತುವಿನಿಂದ ಬಂದು ನೀತಿಯನ್ನು ಹೇಳುತ್ತದೆ. ಕನ್ನಡದಲ್ಲಿ ಕೈಗೆ ತಗಲುವ ನುಣುಪೂ ನಯ, ಮಾತಿನ ವಿನಯವೂ ನಯ. ‘ನಯವಂಚಕ’ ಎಂಬಲ್ಲಿ ಮೋಸದ ಹೊದಿಕೆಯೂ ನಯವೇ. ‘ನೈಸ್’ ಬಂದಾಗ ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಹತ್ತಿರವಾದ ಈ ಶಬ್ದದ ಮಗ್ಗುಲಲ್ಲಿ ಕುಳಿತು, ಅದರ ಮೂರು ಅರ್ಥಗಳನ್ನೂ ತನ್ನದಾಗಿಸಿಕೊಂಡಿತು. ಹಾಗೆಂದು ನೈಸ್ ಶಬ್ದವೇ ನಯದಿಂದ ಹುಟ್ಟಿತೆಂದು ಹೇಳುವವರ ಮಾತನ್ನು ಒಪ್ಪಲಾಗದು. ನೆರೆಮನೆಯವರ ನಂಟಸ್ತಿಕೆ ಬೇರೆ, ರಕ್ತಸಂಬಂಧ ಬೇರೆ.

ಒಂದು ಸ್ವಾನುಭವ

ಅರ್ಥಾಪಕರ್ಷಕ್ಕೆ ವೈಯಾಕರಣರ ಬಾಯಲ್ಲಿ ಪ್ರಸಿದ್ಧವಾದ ಉದಾಹರಣೆ ‘ದೇವಾನಾಂಪ್ರಿಯ’. ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಬಿರುದು ಇದು. ದೇವತೆಗಳಿಗೆ ಪ್ರಿಯನಾದವನು ಎಂದರ್ಥ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಈ ಬಿರುದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ, ಆ ದೇವಾನಾಂಪ್ರಿಯನು ಅಶೋಕನೇ ಎಂಬುದು ಖಚಿತವಾಯಿತು. ಇಂಥ ಘನವಾದ ಬಿರುದಿಗೆ ಸಂಸ್ಕೃತ ವ್ಯಾಕರಣಪರಂಪರೆಯಲ್ಲಿ, ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯ ಕಾಲಕ್ಕೆ, ‘ಮೂರ್ಖ’ ಎಂಬ ಅರ್ಥ ಬಂದು ನಿಂತಿತ್ತು.

ಪಾಠಶಾಲೆಯಿಂದ ಹೊಸದಾಗಿ ಹೊರಬಂದು ಉಪಾಧ್ಯಾಯನಾದ ದಿನಗಳಲ್ಲಿ ನನಗೆ ಈ ಪಾಂಡಿತ್ಯದ ಅಮಲಿತ್ತು. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕೆಲಸ. ತರಗತಿಯಲ್ಲೊಬ್ಬ ರೈತನ ಮಗ. ಎಷ್ಟು ಹೇಳಿದರೂ ವಿಭಕ್ತಿಗಳು ಅವನಿಗೆ ಹತ್ತುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಉಪಾಧ್ಯಾಯರ ಷರಾ ಬರೆಯಬೇಕಾದ ಸ್ಥಳದಲ್ಲಿ ನಾನು ‘ದೇವಾನಾಂಪ್ರಿಯ’ ಎಂದು ಬರೆದೆನು. ಅರ್ಥ ಬಲ್ಲ ಒಬ್ಬಿಬ್ಬರಿಗೆ ತೋರಿಸಿ ನಕ್ಕದ್ದೂ ಉಂಟು.

ಸಂಕ್ರಾಂತಿಗೆ ಮುಂಚೆ ಒಂದು ದಿನ ಹುಡುಗನ ತಂದೆ ಶಾಲೆಗೆ ಬಂದನು. ಹೆಗಲ ವಸ್ತ್ರದಲ್ಲಿ ಎಳೆಜೋಳದ ಸೀತನಿಯನ್ನು ಕಟ್ಟಿಕೊಂಡು ತಂದಿದ್ದನು. ಓದು ಬಾರದ ಅವನು ಅಂಕಪಟ್ಟಿಯನ್ನು ಊರಿನ ಹಿರಿಯರೊಬ್ಬರಿಂದ ಓದಿಸಿಕೊಂಡಿದ್ದ. ಅವರು ಶಬ್ದಕ್ಕೆ ಇದ್ದ ಅರ್ಥವನ್ನೇ ಹೇಳಿದ್ದರು. ಸೀತನಿಯನ್ನು ನನ್ನ ಮೇಜಿನ ಮೇಲಿಟ್ಟು ಅವನು, “ಮಾಸ್ತರ್ರ, ನಮ್ಮ ಹುಡುಗನ್ನ ಊರಾಗ ಎಲ್ಲಾರೂ ದಡ್ಡ ಅಂತಾರ್ರೀ. ದೇವರಿಗೆ ಬೇಕಾದಾಂವ ಅದಾನ ಅಂತ ಬರದವರು ನೀವೊಬ್ಬರ ನೋಡ್ರೀ. ಅವರವ್ವ ಆ ಹಾಳಿ ದೇವರ ಜಗಲಿ ಮ್ಯಾಲ ಇಟ್ಟಾಳ್ರೀ” ಎಂದನು.

ನಾನು ಏನೂ ಹೇಳಲಿಲ್ಲ. ಹೇಳುವ ಬಾಯಿ ಇರಲಿಲ್ಲ. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ತಿಂದ ಅತಿ ಕಹಿಯಾದ ಪದಾರ್ಥ ಆ ಸಿಹಿ ಸೀತನಿ. ಭಟ್ಟೋಜಿ ದೀಕ್ಷಿತರನ್ನು ಓದಿದ ನಾನು ಆ ಶಬ್ದವನ್ನು ಕಲ್ಲಾಗಿ ಎಸೆದಿದ್ದೆ. ಅಕ್ಷರವರಿಯದ ಆ ಮನುಷ್ಯ ಅದನ್ನು ಹೂವಾಗಿ ಹಿಡಿದಿದ್ದ. ಮರುದಿನದಿಂದ ಸಂಜೆಯ ಹೊತ್ತು ಆ ಹುಡುಗನನ್ನು ಕೂರಿಸಿಕೊಂಡು, ಬಿತ್ತುವ ರಾಶಿಮಾಡುವ ಮಾತುಗಳಿಂದಲೇ ವಿಭಕ್ತಿಗಳನ್ನು ಹೇಳಿಕೊಟ್ಟೆನು. “ಹೊಲಕ್ಕೆ ಹೋದ, ಹೊಲದಿಂದ ಬಂದ, ಹೊಲದಲ್ಲಿ ಇದ್ದಾನೆ” ಎಂಬಲ್ಲಿ ಅವನಿಗೆ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕೋಷ್ಟಕದಲ್ಲಿ. ಅವನು ಪಂಡಿತನಾಗಲಿಲ್ಲ. ಎರಡನೆಯ ಯತ್ನದಲ್ಲಿ ಹತ್ತನೆಯ ತರಗತಿಯನ್ನು ದಾಟಿ, ಊರಿನಲ್ಲಿಯೇ ಒಕ್ಕಲುತನ ಮಾಡಿಕೊಂಡು ಮರ್ಯಾದೆಯಿಂದ ಇದ್ದಾನೆ. ಅವನು ಆ ಶಬ್ದದ ಇನ್ನೊಂದು ಅರ್ಥವನ್ನು ಎಂದಾದರೂ ತಿಳಿದನೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಈ ಸಂಚಿಕೆ ಅವನ ಕೈಗೆ ಬಿದ್ದರೆ, ಇದೇ ನನ್ನ ತಪ್ಪೊಪ್ಪಿಗೆಯೆಂದು ತಿಳಿಯಲಿ.

ಉಪಸಂಹಾರ

ಹುಡುಗನೊಬ್ಬನು ಕೇಳಿದ ಪ್ರಶ್ನೆಗೆ ಅಂದು ಉತ್ತರ ದೊರೆಯಲಿಲ್ಲವೆಂದೆನಷ್ಟೆ. ಇಷ್ಟನ್ನೆಲ್ಲ ವಿಚಾರಿಸಿದ ಮೇಲೆ ನಾನು ಅವನನ್ನು ಕರೆದು ಹೇಳಿದ್ದು ಇಷ್ಟು: “ಅಪ್ಪಾ, ನೀನು ಬರೆದುಕೊಂಡ ಎಲ್ಲವೂ ಸರಿ. ಯಾವುದನ್ನು ಬರೆಯಬೇಕೆಂಬುದನ್ನು ವಾಕ್ಯವನ್ನು ಕೇಳಿ ನಿರ್ಣಯಿಸು. ಹವೆಗಾದರೆ ‘ಹಿತ’, ಬಟ್ಟೆಗಾದರೆ ‘ನವುರು’, ಭೇದಕ್ಕಾದರೆ ‘ಸೂಕ್ಷ್ಮ’, ಮನುಷ್ಯರಿಗಾದರೆ ‘ಸಜ್ಜನ’. ಇಂಗ್ಲಿಷಿನವರು ಒಂದೇ ಪಾತ್ರೆಯಲ್ಲಿ ಇಟ್ಟದ್ದನ್ನು ನಾವು ಬೇರೆಬೇರೆ ಬಟ್ಟಲುಗಳಲ್ಲಿ ಬಡಿಸಬೇಕು.” ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಮೊದಲು ಅದಕ್ಕೆ ದಡ್ಡ ಅಂತ ಅರ್ಥ ಇತ್ತಲ್ಲ, ಆ ದಡ್ಡನೇ ಒಳ್ಳೆಯವನಾದನೇ ಗುರುಗಳೇ?” ಎಂದನು. ಹೌದೆಂದೆನು.

ಶಬ್ದವೊಂದಕ್ಕೆ ದಡ್ಡತನದಿಂದ ಸೌಜನ್ಯದವರೆಗೆ ನಡೆದುಬರಲು ಐದು ಶತಮಾನ ಬೇಕಾಯಿತು. ಆ ಅವಕಾಶವನ್ನು ಲೋಕ ಅದಕ್ಕೆ ಕೊಟ್ಟಿತು. ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ನಾವು ಕೊಡಬೇಕಾದ್ದು ಹತ್ತು ವರ್ಷಗಳ ಅವಕಾಶ ಮಾತ್ರ. ಅದರ ಹೆಸರಿನ ಮುಂದೆ ಯಾವ ಗುಣವಚನವನ್ನು ಬರೆಯಬೇಕೆಂದು ಲೇಖನಿಯನ್ನು ಎತ್ತಿದಾಗಲೆಲ್ಲ ನನಗೆ ಆ ದೇವರ ಜಗಲಿ ನೆನಪಾಗುತ್ತದೆ.